ತೊರೆಕಾಡನಹಳ್ಳಿಯಿಂದ ಕೋಲಾರದವರೆಗೆ ನಮ್ಮ ಅಡುಗೆಮನೆ

ಬೆಂಗಳೂರಿನ ಅಡುಗೆಮನೆ ತನ್ನ ನಾಲ್ಕು ಗೋಡೆಗಳೊಳಗೆ ಮುಗಿಯುವುದಿಲ್ಲ. ಅದರ ನಲ್ಲಿ ಶುರುವಾಗುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಸಿಂಕಿನಿಂದ ಇಳಿದ ನೀರು ಕೊನೆಗೆ ಹೋಗಿ ಸೇರುವುದು ಕೋಲಾರದ ಕೆರೆಗಳನ್ನೋ, ಚಿಕ್ಕಬಳ್ಳಾಪುರದ ಕೆರೆಗಳನ್ನೋ, ಬಿಡದಿ ಬಳಿಯ ಬೈರಮಂಗಲವನ್ನೋ. ಅದು ನಿಮ್ಮ ಮನೆ ಯಾವ ಕಣಿವೆಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಇನ್ನು ಕಸದ ಬುಟ್ಟಿ. ಅದು ಒಂದು ಕಾಲಕ್ಕೆ ಮಾವಳ್ಳಿಪುರದಲ್ಲಿತ್ತು. ಆಮೇಲೆ ಮಂಡೂರಿಗೆ ಹೋಯಿತು. ಅಲ್ಲಿಂದಲೂ ಎಬ್ಬಿಸಿದ ಮೇಲೆ ನಗರದ ಅಂಚಿನ ಹಳೆಯ ಕಲ್ಲುಕ್ವಾರಿಗಳ ಪಾಲಾಯಿತು.

ಪರಿಸರಸ್ನೇಹಿ ಬದುಕು ಎಂದೊಡನೆ ನಮಗೆ ಹಿಮನದಿಗಳು, ಹಿಮಕರಡಿ, ಓಝೋನ್ ಪದರ ನೆನಪಾಗುತ್ತವೆ. ಅಷ್ಟು ದೊಡ್ಡದನ್ನು ನೆನೆದಾಗ ನಮ್ಮ ಮನೆಯ ನಲ್ಲಿ, ಬುಟ್ಟಿ, ಬಕೆಟ್ಟು ತೀರಾ ಸಣ್ಣವಾಗಿ ಕಾಣುತ್ತವೆ, ಕೈಯೂ ಸೋಲುತ್ತದೆ. ನಾನು ಬೇರೆ ರೀತಿಯಲ್ಲಿ ಯೋಚಿಸುತ್ತೇನೆ. ನಮಗೆ ನೀರು ಕೊಡುವ ಒಂದು ಊರಿದೆ, ನಾವು ಬಳಸಿ ಬಿಟ್ಟ ನೀರು ಉಣ್ಣುವ ಒಂದು ಊರಿದೆ, ನಮ್ಮ ಕಸ ಹೊರುವ ಒಂದು ಊರಿದೆ. ಮೂರೂ ಊರಿನವರು ನಮ್ಮ ಪಕ್ಕದ ಮನೆಯವರು. ಪಕ್ಕದ ಮನೆಯವರ ಅಂಗಳಕ್ಕೆ ಯಾರೂ ಗೊತ್ತಿದ್ದೂ ಗೊತ್ತಿದ್ದೂ ಕೊಳಕು ನೀರು ಎರಚುವುದಿಲ್ಲ. ದಿನನಿತ್ಯದ ಆಯ್ಕೆಗಳ ಬಗ್ಗೆ ನನಗೆ ಹೇಳಲಿಕ್ಕಿರುವುದು ಇಷ್ಟೇ. ಆದರೆ ಅದರ ವಿವರಗಳು ಬಹಳ ಇವೆ.

ನಲ್ಲಿಯೂ ಕರೆಂಟಿನ ಸಾಮಾನೇ

ಬೆಂಗಳೂರಿಗೆ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ನೀರು ತಂದೆವು. ಅದೂ ಸಾಲದಾದಾಗ 1970ರ ದಶಕದಲ್ಲಿ ಕಾವೇರಿಗೆ ಕೈ ಚಾಚಿದೆವು. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಅಲ್ಲಿಂದ ಒಮ್ಮೆ, ಹಾರೋಹಳ್ಳಿಯಿಂದ ಒಮ್ಮೆ, ತಾತಗುಣಿಯಿಂದ ಇನ್ನೊಮ್ಮೆ ಮೇಲಕ್ಕೆ ತಳ್ಳುತ್ತಾರೆ. ದೂರ ಸುಮಾರು 100 ಕಿಲೋಮೀಟರ್. ಮೂರೂ ಹಂತ ಸೇರಿ ಪಂಪುಗಳು ನೀರನ್ನು ಎತ್ತಬೇಕಾದ ಎತ್ತರ ಸುಮಾರು 500 ಮೀಟರ್. 2024ರವರೆಗೆ ಹೀಗೆ ದಿನಕ್ಕೆ 145 ಕೋಟಿ ಲೀಟರ್ ನೀರು ಬರುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಚಾಲೂ ಆಗಿ, ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆ ಸೇರಿಕೊಂಡಿತು. ನಗರಕ್ಕೆ ನೀರು ಕೊಡುವ ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ.

ಇದರ ಲೆಕ್ಕವನ್ನು ಹೈಸ್ಕೂಲಿನ ಭೌತಶಾಸ್ತ್ರ ಗೊತ್ತಿರುವ ಯಾರು ಬೇಕಾದರೂ ಮಾಡಬಹುದು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಬೇಕಾಗುವ ಶಕ್ತಿ 1.36 ಯೂನಿಟ್. ಪಂಪು, ಮೋಟಾರುಗಳಲ್ಲಿ ಆಗುವ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರಕ್ಕೆ ಬರುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಸರ್ಕಾರದ ಮಾನದಂಡ. ನಾಲ್ಕು ಜನರ ಮನೆಗೆ 540 ಲೀಟರ್. ಅಂದರೆ ಆ ಮನೆಯವರು ಒಂದು ಸ್ವಿಚ್ಚನ್ನೂ ಮುಟ್ಟುವ ಮೊದಲೇ, ನೀರು ಮನೆ ಬಾಗಿಲಿಗೆ ಬರುವುದಕ್ಕಾಗಿಯೇ ದಿನಕ್ಕೆ ಸುಮಾರು ಒಂದು ಯೂನಿಟ್ ಉರಿದಿರುತ್ತದೆ. 60 ವಾಟ್‌ನ ಹಳೆಯ ಬಲ್ಬ್ ತೆಗೆದು 9 ವಾಟ್‌ನ ಎಲ್‌ಇಡಿ ಹಾಕಿ ದಿನಕ್ಕೆ ಐದು ತಾಸು ಉರಿಸಿದರೆ ಉಳಿಯುವುದು ಕಾಲು ಯೂನಿಟ್. ಎಲ್‌ಇಡಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಬಲ್ಬುಗಳನ್ನೂ ಬದಲಿಸಿದ ಮನೆಯಲ್ಲೇ ಪಾತ್ರೆ ತೊಳೆಯುವಷ್ಟು ಹೊತ್ತೂ ನಲ್ಲಿ ಧಾರಾಳವಾಗಿ ಸುರಿಯುತ್ತಿರುತ್ತದೆ. ನಿಮಿಷಕ್ಕೆ ಹತ್ತು ಲೀಟರ್‌ನಂತೆ ಕಾಲು ಗಂಟೆ ಬಿಟ್ಟರೆ 150 ಲೀಟರ್. ಒಬ್ಬರ ದಿನದ ಪಾಲಿಗಿಂತ ಹೆಚ್ಚು.

ನಲ್ಲಿಯ ಬಾಯಿಗೆ ತಿರುಪಿ ಕೂರಿಸುವ ಏರೇಟರ್ ಎಂಬ ಪುಟ್ಟ ಜಾಲರಿ ನೀರಿಗೆ ಗಾಳಿ ಬೆರೆಸುತ್ತದೆ. ಧಾರೆ ಮೊದಲಿನಷ್ಟೇ ದಪ್ಪಗೆ ಕಾಣುತ್ತದೆ, ನೀರು ಮಾತ್ರ ಅರ್ಧಕ್ಕಿಂತ ಕಡಿಮೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ, ಕೂರಿಸಲು ಪ್ಲಂಬರ್ ಕೂಡ ಬೇಡ. 2024ರ ಬೇಸಿಗೆಯಲ್ಲಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದೂ ಸಾರಿತು. ಮಳೆ ಬಂತು, ಕಾರುಗಳು ಮತ್ತೆ ಪೈಪ್ ನೀರಿನಲ್ಲಿ ಮೀಯತೊಡಗಿದವು. ಇದನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. 2018ರ ಫೆಬ್ರುವರಿಯ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಅಡಿ ಹೆಚ್ಚುವರಿಯಾಗಿ ಕೊಟ್ಟಿದೆ. ಎರಡು ರಾಜ್ಯಗಳ ರೈತರು ದಶಕಗಳ ಕಾಲ ಹಂಚಿಕೊಳ್ಳಲಾಗದೆ ಕೋರ್ಟಿನಲ್ಲಿ ಕಾದಾಡಿದ ನೀರು ಅದು. 2023ರ ಸೆಪ್ಟೆಂಬರ್‌ನಲ್ಲಿ ಅದೇ ನೀರಿಗಾಗಿ ಮಂಡ್ಯದಲ್ಲಿ ರಸ್ತೆ ತಡೆ ನಡೆಯಿತು, ಬೆಂಗಳೂರು ಬಂದ್ ಆಯಿತು. ಅಂಥ ನೀರಿನಿಂದ ಗಾಡಿಯ ಚಕ್ರ ತೊಳೆಯುವವರಿಗೆ ಒಂದು ಒದ್ದೆ ಬಟ್ಟೆ, ಒಂದು ಬಕೆಟ್ಟು ಸಾಲದೇ?

ಕುಡಿಯುವ ನೀರಿನ ಫಿಲ್ಟರ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮನೆಮನೆಯ ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಎರಡು-ಮೂರು ಲೀಟರ್ ನೀರನ್ನು ಹೊರಗೆ ದೂಡುತ್ತದೆ. ನೀರಿನಲ್ಲಿ ಕರಗಿದ ಲವಣಗಳು ವಿಪರೀತವಾಗಿದ್ದರೆ, ಕೊಳವೆಬಾವಿ ನೀರೇ ಗತಿಯಾಗಿದ್ದರೆ, ಅದು ಬೇಕಾಗಬಹುದು. ಕಾವೇರಿ ನೀರಿನಲ್ಲಿ ಲವಣ ಕಡಿಮೆ. ಲೀಟರ್‌ಗೆ 500 ಮಿಲಿಗ್ರಾಮ್‌ಗಿಂತ ಕಡಿಮೆ ಲವಣ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸೂಚಿಸಿತ್ತು. ಕಾವೇರಿ ಬರುವ ಮನೆಗೆ ಯುವಿ ಫಿಲ್ಟರ್ ಸಾಕು, ಇಲ್ಲವೇ ನಮ್ಮ ಅಜ್ಜಿಯರ ಹಾಗೆ ಕುದಿಸಿ ಆರಿಸಿದರೂ ಸಾಕು. ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತಂದ ನೀರನ್ನು ಸಿಂಕಿನ ಕೆಳಗಿನ ತೆಳ್ಳಗಿನ ಪೈಪಿನಿಂದ ಹಗಲೂ ರಾತ್ರಿ ಚರಂಡಿಗೆ ಬಿಡುವ ಮನೆಗಳು ಈ ನಗರದಲ್ಲಿ ಲೆಕ್ಕವಿಲ್ಲದಷ್ಟಿವೆ. ಈಗಾಗಲೇ ಆರ್‌ಒ ಇದ್ದವರು ಆ ಪೈಪನ್ನು ಒಂದು ಬಕೆಟ್ಟಿಗೆ ಇಳಿಸಿದರೆ ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಆಗುತ್ತದೆ.

ಇಷ್ಟಕ್ಕೂ ಬೆಂಗಳೂರಿಗೆ ತನ್ನದೇ ನೀರಿದೆ, ತಲೆಯ ಮೇಲೆ. ಇಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ತಾರಸಿಯ ಮೇಲೆ 97,000 ಲೀಟರ್ ಬೀಳುತ್ತದೆ. ಆವಿಯಾಗಿ, ಚೆಲ್ಲಿ ಹೋದದ್ದನ್ನು ಕಳೆದರೂ ಎಂಬತ್ತು ಸಾವಿರ ಕೈಗೆ ಸಿಗುತ್ತದೆ, ಅಂದರೆ ನಾಲ್ಕು ಜನರ ಐದು ತಿಂಗಳ ನೀರು. ವಿಜಯನಗರದ ತಮ್ಮ ಮನೆಯಲ್ಲಿ 1990ರ ದಶಕದಿಂದ ಮಳೆನೀರನ್ನೇ ನಂಬಿ ಬದುಕಿ ತೋರಿಸಿದವರು ವಿಜ್ಞಾನಿ ಎ.ಆರ್. ಶಿವಕುಮಾರ್. 2009ರಿಂದ ನಗರದಲ್ಲಿ 30x40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ, 60x40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಕಾಗದದ ಮೇಲಿನ ಪೈಪು ನೆಲದ ಮೇಲೂ ಇದೆಯೇ ಎಂದು ಪ್ರತಿ ಮನೆಯವರೂ ಮೇ ತಿಂಗಳಲ್ಲಿ ಒಮ್ಮೆ ಮಾಳಿಗೆ ಹತ್ತಿ ನೋಡಬೇಕು, ಎಲೆ-ಕಸ ಗುಡಿಸಬೇಕು, ಫಿಲ್ಟರ್ ತೊಳೆಯಬೇಕು. ಇಂಗುಗುಂಡಿ ಇಲ್ಲದವರು ತೋಡಿಸಲಿ. ಬಾವಿ, ಇಂಗುಬಾವಿ ತೋಡುವ ಕಸುಬನ್ನು ತಲೆಮಾರುಗಳಿಂದ ಬಲ್ಲ ಮಣ್ಣು ವಡ್ಡರು ಬೆಂಗಳೂರಿನ ಸುತ್ತ ಈಗಲೂ ಇದ್ದಾರೆ. ಅವರಿಗೆ ಮಣ್ಣಿನ ಬಣ್ಣ ನೋಡಿದರೆ ಸಾಕು, ಎಷ್ಟು ಅಡಿಗೆ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ.

ಸಿಂಕಿನಿಂದ ಲಕ್ಷ್ಮೀಸಾಗರಕ್ಕೆ

ಈಗ ನೀರು ಹೋಗುವ ದಾರಿ. ನಾವಿರುವ ಮನೆ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿದೆ. ಈ ಕಣಿವೆಯ ಕೊಳಚೆಯೆಲ್ಲ ಬೆಳ್ಳಂದೂರು, ವರ್ತೂರು ಕೆರೆಗಳ ಕಡೆಗೆ ಹರಿಯುತ್ತದೆ. 2015ರಲ್ಲಿ ಆ ಕೆರೆಗಳ ನೊರೆ ರಸ್ತೆಗೆ ಹಾರಿ ಬಂದು ಗಾಡಿಗಳ ಮೇಲೆ ಕೂತದ್ದನ್ನು ದೇಶವೇ ನೋಡಿತು. ಬೆಳ್ಳಂದೂರು ಕೆರೆಗೆ ಬೆಂಕಿಯೂ ಬಿತ್ತು. 2018ರ ಜನವರಿಯಲ್ಲಿ ಬಿದ್ದ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ಶುದ್ಧೀಕರಿಸದ ಕೊಳಚೆ ಕೆರೆಗೆ ಬಿದ್ದದ್ದು ಮೂಲ ಕಾರಣ. ಆ ಕೊಳಚೆ ನೊರೆಯೇಳಲು ಕಾರಣ ನಮ್ಮ ನಿಮ್ಮ ಮನೆಯ ಡಿಟರ್ಜೆಂಟ್‌ನಲ್ಲಿರುವ ರಾಸಾಯನಿಕಗಳು. ಅದರಲ್ಲಿ ರಂಜಕದ ಅಂಶವೂ ಇದ್ದರೆ ಜಲಕಳೆಗೆ ಅದೇ ಗೊಬ್ಬರ.

2018ರಿಂದ ಈ ಕಣಿವೆಯ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡಲಾಗುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಆಮೇಲೆ ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿದು ನೂರಕ್ಕೂ ಹೆಚ್ಚು ಕೆರೆಗಳನ್ನು ಮುಟ್ಟುವ ಯೋಜನೆ ಅದು. ಜೀವನದಿಯಿಲ್ಲದ, ಸಾವಿರಾರು ಅಡಿ ಕೊರೆದು ಫ್ಲೋರೈಡ್ ನೀರು ಕುಡಿದ ಜಿಲ್ಲೆ ಕೋಲಾರ. ಅಲ್ಲಿ ಒಣಗಿದ್ದ ಬಾವಿಗಳಿಗೆ ನೀರು ಬಂದಿದೆ, ತೋಟಗಳು ಚಿಗುರಿವೆ. ಶುರುವಾದ ವರ್ಷವೇ ನೊರೆ ಕಾಣಿಸಿಕೊಂಡು ವಿಷಯ ಕೋರ್ಟ್ ಮೆಟ್ಟಿಲೇರಿದ್ದೂ ನಿಜ. ಎರಡನೇ ಹಂತದ ಶುದ್ಧೀಕರಣ ಕೊಳೆತು ನಾರುವ ಸಾವಯವ ಅಂಶವನ್ನು ತೆಗೆಯುತ್ತದೆ. ಔಷಧಿಯ ಅಂಶ, ಕೆಲವು ರಾಸಾಯನಿಕ, ಲೋಹಗಳ ವಿಷಯದಲ್ಲಿ ಅದು ಸಾಲದು. ಮೂರನೇ ಹಂತವೂ ಬೇಕೆಂದು ಕೋಲಾರದ ರೈತರು, ಹೋರಾಟಗಾರರು ಆಗಿನಿಂದಲೂ ಕೇಳುತ್ತಿದ್ದಾರೆ.

ಇದು ಗೊತ್ತಾದ ಮೇಲೆ ಸಿಂಕಿಗೆ ಏನು ಸುರಿಯುತ್ತೇವೆ ಎಂಬುದು ಮೊದಲಿನ ಹಾಗೆ ಇರಲು ಸಾಧ್ಯವಿಲ್ಲ. ಅರ್ಧ ಉಳಿದ ಆಂಟಿಬಯೋಟಿಕ್ ಸಿರಪ್ಪನ್ನು ಬಚ್ಚಲಿಗೆ ಸುರಿದು ಬಾಟಲಿ ತೊಳೆಯುವ ಅಭ್ಯಾಸ ಎಷ್ಟು ಮನೆಗಳಲ್ಲಿದೆ! ಅದು ಬಾಟಲಿ ಸಮೇತ ಬೇರೆ ಚೀಟಿ ಅಂಟಿಸಿ ಅಪಾಯಕಾರಿ ಕಸದಲ್ಲಿ ಹೋಗಬೇಕು. ಕರಿದ ಎಣ್ಣೆ ಸಿಂಕಿಗೆ ಬೀಳಬಾರದು, ಜಿಡ್ಡಿನ ಬಾಣಲೆಯನ್ನು ಮೊದಲು ಹಳೆಯ ಪೇಪರಿನಿಂದ ಒರೆಸಿ ಆಮೇಲೆ ತೊಳೆಯಬೇಕು. ಬಟ್ಟೆಗೆ ಪುಡಿ ಹಾಕುವಾಗ ಕಣ್ಣಳತೆ ಬಿಟ್ಟು ಚಮಚದಲ್ಲಿ ಅಳೆಯಬೇಕು. ನೊರೆ ಜಾಸ್ತಿ ಬಂದರೆ ಬಟ್ಟೆ ಜಾಸ್ತಿ ಬೆಳ್ಳಗಾಗುತ್ತದೆ ಎಂಬ ನಂಬಿಕೆಯನ್ನು ಜಾಹೀರಾತುಗಳು ನಮ್ಮ ತಲೆಗೆ ತುಂಬಿವೆ. ಕೊಳೆ ಬಿಡಿಸುವುದು ನೊರೆಯಲ್ಲ.

ಇಲ್ಲೇ ಮಳೆನೀರಿನ ಇನ್ನೊಂದು ಗುಣ ನೆನಪಿಗೆ ಬರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಮೊದಲು ಸೋಪನ್ನು ತಿನ್ನುತ್ತದೆ, ಆಮೇಲೆ ಉಳಿದದ್ದು ಬಟ್ಟೆಗೆ. ಮಳೆನೀರು ಮೆದು. ಬಟ್ಟೆ ಒಗೆಯಲು ಮಳೆನೀರು ಬಳಸುವ ಮನೆಯಲ್ಲಿ ಪುಡಿ ಅರ್ಧಕ್ಕಿಳಿಯುತ್ತದೆ. ಆ ಅರ್ಧದಷ್ಟು ರಾಸಾಯನಿಕ ಚರಂಡಿಗೆ, ಕೆರೆಗೆ, ಕೋಲಾರಕ್ಕೆ ಹೋಗುವುದು ತಪ್ಪುತ್ತದೆ. ರೇಷ್ಮೆ ಸೀರೆಗೆ ಅಂಟುವಾಳಕಾಯಿ, ತಲೆಗೆ ಸೀಗೆಪುಡಿ ಈಗಲೂ ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತವೆ. ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚಿ ಸೀಗೆಯಲ್ಲಿ ಮೀಯುವ ಸುಖವನ್ನು ನಾನು ಯಾವ ಶಾಂಪೂವಿಗೂ ಬಿಟ್ಟುಕೊಡೆ.

ಮೂಲೆ ಕತ್ತರಿಸಿದ ಹಾಲಿನ ಪ್ಯಾಕೆಟ್ಟು

ಮಾವಳ್ಳಿಪುರದವರು 2012ರಲ್ಲಿ ಬೆಂಗಳೂರಿನ ಕಸದ ಲಾರಿಗಳನ್ನು ತಡೆದರು. ಮಂಡೂರಿನವರು 2014ರಲ್ಲಿ ರಸ್ತೆಗಿಳಿದರು, ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಅವರ ಬಾವಿಗೆ ಇಳಿದ ಕಪ್ಪು ರಸ, ಊಟದ ತಟ್ಟೆಯ ಮೇಲೆ ಕೂರುವ ನೊಣ, ರಾತ್ರಿಯೆಲ್ಲ ಬಿಡದ ನಾತ, ಇವು ಯಾವುವೂ ಮಂಡೂರಿನಲ್ಲಿ ಹುಟ್ಟಿದವಲ್ಲ. ನಮ್ಮ ಅಡುಗೆಮನೆಗಳಲ್ಲಿ ಅನ್ನ, ಸಿಪ್ಪೆ, ಪ್ಲಾಸ್ಟಿಕ್ ಒಂದೇ ಕವರಿನಲ್ಲಿ ಗಂಟು ಬಿದ್ದಾಗಲೇ ಅವು ಹುಟ್ಟಿದವು. ಗಾಳಿಯಾಡದೆ ಕೊಳೆತ ಹಸಿಕಸ ಮೀಥೇನ್ ಬಿಡುತ್ತದೆ, ರಸ ಸುರಿಸುತ್ತದೆ. ಅದೇ ಹಸಿಕಸ ಬೇರೆಯಾಗಿದ್ದರೆ ಗೊಬ್ಬರ. ಅದರ ಜೊತೆಗಿದ್ದ ಪ್ಲಾಸ್ಟಿಕ್ ಬೇರೆಯಾಗಿದ್ದರೆ ಮಾರುವ ಮಾಲು. ಒಮ್ಮೆ ಬೆರೆತರೆ ಎರಡೂ ಹಾಳು, ಯಾವ ಯಂತ್ರವೂ ಅದನ್ನು ಸರಿಯಾಗಿ ಬಿಡಿಸಲಾರದು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು ಇಡೀ ನಗರಕ್ಕೆ ವಿಧಿಸಿತು. ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಕಸ, ಚೀಲಕ್ಕೆ ಒಣಕಸ. ‘ನಾನೊಬ್ಬಳು ಮಾಡಿದರೆ ಏನಾಗುತ್ತೆ?’ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಈ ಒಂದು ಕೆಲಸವನ್ನು ಮನೆಯೊಳಗಿರುವವರ ಹೊರತು ಬೇರೆ ಯಾರೂ ಮಾಡಲಾರರು.

ನಮ್ಮ ಬೀದಿಗೆ ಒಣಕಸ ಒಯ್ಯಲು ಬರುವ ಹೆಂಗಸು ಒಂದು ದಿನ ನನ್ನ ಚೀಲ ಬಿಚ್ಚಿ ಹಾಲಿನ ಪ್ಯಾಕೆಟ್ಟೊಂದನ್ನು ಎತ್ತಿ ಹಿಡಿದಳು. ‘ಅಕ್ಕಾ, ಇದನ್ನ ತೊಳ್ದು ಒಣಗ್ಸಿ ಕೊಡೋರು ಈ ಬೀದೀಲಿ ಮೂರೇ ಮನೆ. ಮಿಕ್ಕಿದ್ದೆಲ್ಲ ವಾಸನೆ ಬಂದಿರುತ್ತೆ, ಸೆಂಟರ್‌ನಲ್ಲಿ ತಗೊಳ್ಳಲ್ಲ’ ಅಂದಳು. ಆಮೇಲೆ ಪ್ಯಾಕೆಟ್ಟಿನ ಮೂಲೆ ತೋರಿಸಿ, ‘ಈ ಚೂರನ್ನ ಪೂರ್ತಿ ಕತ್ತರಿಸಬೇಡಿ, ಅಂಟ್ಕೊಂಡಿರ್ಲಿ’ ಅಂದಳು. ಅವಳ ಮಾತು ನೂರಕ್ಕೆ ನೂರು ಸರಿ. ಹಾಲಿನ ಪ್ಯಾಕೆಟ್ಟು ಮರುಬಳಕೆಗೆ ಒಳ್ಳೆಯ ಬೆಲೆ ಬರುವ ಪ್ಲಾಸ್ಟಿಕ್. ಆದರೆ ಬೆಳಿಗ್ಗೆ ಕತ್ತರಿಯಿಂದ ಚಕ್ಕನೆ ಹಾರಿಸುವ ಆ ತ್ರಿಕೋನ ಎಷ್ಟು ಚಿಕ್ಕದೆಂದರೆ, ಅದನ್ನು ಯಾವ ಕೈಯೂ ಆರಿಸಲಾರದು, ಯಾವ ಜಾಲರಿಯೂ ಹಿಡಿಯಲಾರದು. ಅದು ಗುಡಿಸಿದ ಕಸದೊಡನೆ ಮೋರಿಗೆ, ಮೋರಿಯಿಂದ ಕೆರೆಗೆ ಹೋಗುತ್ತದೆ. ಈ ನಗರದಲ್ಲಿ ದಿನಾ ಬೆಳಿಗ್ಗೆ ಎಷ್ಟು ಲಕ್ಷ ಪ್ಯಾಕೆಟ್ಟು ಒಡೆಯುತ್ತೇವೆ ಎಂದು ಯೋಚಿಸಿ. ಮೂಲೆಯನ್ನು ಅರ್ಧ ಮಾತ್ರ ಸೀಳಿ, ಹಾಲು ಸುರಿದು, ಒಳಗೆ ಒಂದು ಲೋಟ ನೀರು ಹಾಕಿ ಕುಲುಕಿದರೆ ಆ ನೀರು ಗಿಡಕ್ಕಾಯಿತು. ಪ್ಯಾಕೆಟ್ಟನ್ನು ಕಿಟಕಿಯ ಸರಳಿಗೆ ಕ್ಲಿಪ್ ಹಾಕಿ ನೇತುಹಾಕಿದರೆ ಸಂಜೆಗೆ ಒಣಗಿರುತ್ತದೆ.

ಹಸಿಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವುದು ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುವ ಕೆಲಸ. ಬಾಲ್ಕನಿಯಲ್ಲಿ ಪಕ್ಕದಲ್ಲಿ ತೂತಿರುವ ಎರಡು ಮಣ್ಣಿನ ಮಡಕೆಗಳಿವೆ. ತಳಕ್ಕೆ ತೆಂಗಿನ ನಾರು, ಅದರ ಮೇಲೆ ಹುಳಿ ಮಜ್ಜಿಗೆ ಚಿಮುಕಿಸಿದ ಒಂದಿಷ್ಟು ಹಳೆಯ ಗೊಬ್ಬರ. ದಿನದ ಸಿಪ್ಪೆ, ಕರಿಬೇವಿನ ಕಡ್ಡಿ, ಸೋಸಿದ ಕಾಫಿ ಚರಟ, ಬಾಡಿದ ಹೂವು ಹಾಕಿ, ಅದು ಮುಚ್ಚುವಷ್ಟು ಒಣಎಲೆ ಉದುರಿಸಬೇಕು. ಗುಟ್ಟು ಇರುವುದು ಈ ಒಣಎಲೆಯಲ್ಲಿ. ಅಡುಗೆಮನೆಯ ಕಸದಲ್ಲಿ ಸಾರಜನಕ, ನೀರು ಹೆಚ್ಚು, ಒಣಎಲೆಯಲ್ಲಿ ಇಂಗಾಲ ಹೆಚ್ಚು. ಎರಡೂ ಹದವಾಗಿ ಸೇರಿದರೆ ಸೂಕ್ಷ್ಮಾಣುಗಳು ಚುರುಕಾಗಿ, ಮಡಕೆಯೊಳಗೆ ಕೈಯಿಟ್ಟರೆ ಬೆಚ್ಚಗೆ ತಗಲುತ್ತದೆ. ನಾತ ಬಂತೆಂದರೆ ನೀರು ಜಾಸ್ತಿಯಾಗಿದೆ, ಇನ್ನೆರಡು ಹಿಡಿ ಎಲೆ ಹಾಕಿ ತಿರುವಬೇಕು. ದಪ್ಪನೆಯ ಬೂದುಬಣ್ಣದ ಹುಳುಗಳು ಕಂಡರೆ ಹೆದರಬಾರದು. ಅವು ಕಪ್ಪು ಸೈನಿಕ ನೊಣದ ಮರಿಗಳು, ರೋಗ ಹರಡುವುದಿಲ್ಲ, ಕಸ ತಿನ್ನುವುದರಲ್ಲಿ ಅವನ್ನು ಮೀರಿಸಿದವರಿಲ್ಲ. ಒಂದು ಮಡಕೆ ತುಂಬುವಷ್ಟರಲ್ಲಿ ಇನ್ನೊಂದರಲ್ಲಿ ಕಪ್ಪನೆಯ, ಮೊದಲ ಮಳೆಯ ವಾಸನೆಯ ಮಣ್ಣು ಸಿದ್ಧ. ನಮ್ಮ ಬೀದಿಯ ಹೊಂಗೆ ಮರದ ಎಲೆಗಳನ್ನು ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕಿದಾಗ, ಬೆಂಕಿ ಬೀಳುವ ಮೊದಲೇ, ಒಂದು ಗೋಣಿ ತುಂಬಿ ತಂದಿಟ್ಟುಕೊಳ್ಳುತ್ತೇವೆ.

ಪ್ಲಾಸ್ಟಿಕ್ ನಿಷೇಧದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಕರ್ನಾಟಕದಲ್ಲಿ 2016ರಿಂದ, ದೇಶಕ್ಕೆಲ್ಲ ಅನ್ವಯಿಸುವಂತೆ 2022ರ ಜುಲೈ 1ರಿಂದ ಕಾನೂನಿದೆ. ಆದರೂ ಕೊತ್ತಂಬರಿ ಸೊಪ್ಪಿನಿಂದ ಕೋಳಿ ಮಾಂಸದವರೆಗೆ ತೆಳು ಕವರು ಬರುತ್ತಲೇ ಇದೆ. ಬಟ್ಟೆಚೀಲ ಒಯ್ಯುವವರೂ ಮರೆಯುವುದು ಮಾಂಸದಂಗಡಿ, ಮೀನಿನಂಗಡಿ, ಇಡ್ಲಿಹಿಟ್ಟಿನ ಅಂಗಡಿಗಳನ್ನು. ಅಲ್ಲಿಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿ ಒಯ್ಯಿರಿ. ಅಂಗಡಿಯವರು ಬೇಡ ಎನ್ನುವುದಿಲ್ಲ, ಅವರಿಗೂ ಕವರಿನ ಕಾಸು ಉಳಿಯುತ್ತದೆ.

ತಟ್ಟೆಯ ಲೆಕ್ಕ ಇದಕ್ಕಿಂತ ದೊಡ್ಡದು. ಒಂದು ಕಿಲೋ ಅಕ್ಕಿ ಬೆಳೆಯಲು ಎರಡರಿಂದ ಮೂರು ಸಾವಿರ ಲೀಟರ್ ನೀರು ಬೇಕೆಂಬುದು ಸಾಮಾನ್ಯ ಅಂದಾಜು. ಅಂದರೆ ನೂರು ಗ್ರಾಮ್ ಅಕ್ಕಿಯ ಅನ್ನವನ್ನು ತಿಪ್ಪೆಗೆ ಚೆಲ್ಲಿದರೆ ಹೋಗುವುದು 200ರಿಂದ 300 ಲೀಟರ್ ನೀರು. ಇಡೀ ದಿನ ನಲ್ಲಿ ಬಿಗಿಹಿಡಿದು ಉಳಿಸಿದ್ದು ಒಂದು ಊಟದಲ್ಲಿ ಹೋಯಿತು. ಅಳತೆ ಹಾಕಿ ಅಕ್ಕಿ ತೊಳೆಯುವುದು, ಉಳಿದ ಅನ್ನವನ್ನು ಮರುದಿನ ಚಿತ್ರಾನ್ನ ಮಾಡುವುದು ಅಥವಾ ರಾತ್ರಿಯೇ ಮೊಸರು ಕಲಸಿಡುವುದು, ಇವೆಲ್ಲ ನೀರು ಉಳಿಸುವ ಕೆಲಸಗಳೇ. ಅಕ್ಕಿ ತೊಳೆದ ಕಲಗಚ್ಚು ಹಿಂದೆ ಹಸುವಿಗೆ ಹೋಗುತ್ತಿತ್ತು. ಹಸುವಿಲ್ಲದ ಮನೆಯಲ್ಲಿ ದಾಸವಾಳದ ಗಿಡಕ್ಕೆ ಹೋಗಲಿ.

ವಾರದಲ್ಲಿ ಕೆಲವು ಹೊತ್ತಾದರೂ ಮುದ್ದೆ, ರಾಗಿ ರೊಟ್ಟಿ, ಅಂಬಲಿಗೆ ಮರಳುವುದು ಇನ್ನೂ ದೊಡ್ಡ ಹೆಜ್ಜೆ. ದಕ್ಷಿಣ ಕರ್ನಾಟಕದ ಕೆಂಪು ನೆಲದಲ್ಲಿ ರಾಗಿ ಮಳೆಯನ್ನೇ ನಂಬಿ ಬೆಳೆಯುತ್ತದೆ. ಗದ್ದೆಯಲ್ಲಿ ನೀರು ನಿಲ್ಲಿಸಬೇಕಾಗಿಲ್ಲ, ಹಾಗಾಗಿ ನಿಂತ ನೀರಿನಿಂದ ಏಳುವ ಮೀಥೇನ್ ಕೂಡ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಇಳುವರಿ ಏರಿತು, ಜನ ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದರು. ನಮಗೆ ಕುಡಿಯುವ ನೀರು ಕೊಡುವ ಮಂಡ್ಯ ಜಿಲ್ಲೆಯೇ ಹೆಚ್ಚು ನೀರು ಬೇಡದ ಬೆಳೆಯನ್ನೂ ಹಸನು ಮಾಡಿ ಕೊಟ್ಟಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ಮಾಲ್‌ಗಳಲ್ಲಿ ರಾಗಿ ಬಿಸ್ಕತ್ತಿನ ಬಣ್ಣದ ಪೊಟ್ಟಣಗಳು ತುಂಬಿದವು. ರಾಗಿ ಕೊಂಡು, ಹಸನು ಮಾಡಿ, ಮೂಲೆಯ ಗಿರಣಿಯಲ್ಲಿ ಬೀಸಿಸಿಕೊಂಡು ಬರುವವರಿಗೆ ಆ ಪೊಟ್ಟಣವೂ ಬೇಡ.

ಯಾರ ಕೈಯ ಕೆಲಸ?

ಇಷ್ಟೆಲ್ಲ ಬರೆಯುವಾಗ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ಹಾಲಿನ ಪ್ಯಾಕೆಟ್ಟು ತೊಳೆಯುವವರು ಯಾರು? ಮಡಕೆ ತಿರುವುವವರು, ಚೀಲ ಹುಡುಕಿ ಕೊಡುವವರು, ಮುದ್ದೆ ತಿರುವುವವರು? ‘ಪರಿಸರಸ್ನೇಹಿ ಮನೆ’ಯ ಹೆಚ್ಚುವರಿ ಕೆಲಸವೆಲ್ಲ ಬಹುಪಾಲು ಮನೆಗಳಲ್ಲಿ ಹೆಂಗಸರ ತಲೆಯ ಮೇಲೆ ಬಿದ್ದಿದೆ. ನೌಕರಿಗೆ ಹೋಗುವವಳಿಗೆ ಬೆಳಗಿನ ಹೊತ್ತು ನಿಮಿಷವೂ ಚಿನ್ನ. ಅವಳು ಸಿದ್ಧ ಹಿಟ್ಟಿನ ಪ್ಯಾಕೆಟ್ಟು ತಂದರೆ ಅವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ನಮ್ಮ ಮನೆಯಲ್ಲಿ ಗೊಬ್ಬರದ ಮಡಕೆ ಯಜಮಾನರದು, ಒಣಕಸ ಮಗನದು. ಅವನಿಗೆ ಪರೀಕ್ಷೆಯಿದ್ದರೂ ಶನಿವಾರ ಅದನ್ನು ಅವನೇ ಕೆಳಗಿಳಿಸಬೇಕು. ಹೀಗೆ ಹಂಚಿಕೊಳ್ಳದ ಮನೆಯಲ್ಲಿ ಯಾವ ಒಳ್ಳೆಯ ಪದ್ಧತಿಯೂ ಬಹಳ ಕಾಲ ನಿಲ್ಲುವುದನ್ನು ನಾನು ನೋಡಿಲ್ಲ.

ಮನೆಗೆಲಸಕ್ಕೆ ಬರುವವರ ವಿಷಯವೂ ಇದೆ. ನಲ್ಲಿ ಸಣ್ಣಗೆ ಬಿಡು ಎಂದು ಅವರಿಗೆ ಉಪದೇಶ ಮಾಡುವ ನಮ್ಮಲ್ಲಿ ಎಷ್ಟು ಜನ ಅವರ ವಠಾರದ ನೀರಿನ ಸಾಲಿನಲ್ಲಿ ನಿಂತಿದ್ದೇವೆ? ಹತ್ತು ಮನೆಗೆ ಒಂದು ನಲ್ಲಿಯಿರುವಲ್ಲಿ, ಕೊಡ ಲೆಕ್ಕದಲ್ಲಿ ಬದುಕುವವರಿಗೆ ನೀರಿನ ಬೆಲೆ ನಾವು ಕಲಿಸಬೇಕಾಗಿಲ್ಲ. ಮಿತವ್ಯಯ ಮೊದಲು ಶುರುವಾಗಬೇಕಿರುವುದು ಷವರ್, ಬಾತ್‌ಟಬ್, ಎರಡು ಕಾರು ಇರುವ ಮನೆಗಳಲ್ಲಿ.

ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕಿದೆ. ಬಹಳ ಕಡೆ ನೀರಿನ ಖರ್ಚನ್ನು ಚದರಡಿ ಲೆಕ್ಕದಲ್ಲಿ ಮನೆಮನೆಗೆ ಹಂಚಿಬಿಡುತ್ತಾರೆ. ಬಕೆಟ್ಟಿನಲ್ಲಿ ಮೀಯುವ ಮನೆಗೂ ದಿನಾ ಬಾಲ್ಕನಿ ತೊಳೆಯುವ ಮನೆಗೂ ಒಂದೇ ಬಿಲ್ಲು. ಫ್ಲಾಟಿಗೊಂದು ಮೀಟರ್ ಕೂರಿಸಿದರೆ ಜನರ ನಡವಳಿಕೆ ತಾನಾಗಿ ಬದಲಾಗುತ್ತದೆ. ಯಾರಿಗೂ ಬೈಯಬೇಕಾಗಿಲ್ಲ. ಅಸೋಸಿಯೇಷನ್ ಸಭೆಯಲ್ಲಿ ಪಾರ್ಕಿಂಗ್ ಜಗಳಕ್ಕೆ ಮೀಸಲಿಡುವ ಹೊತ್ತಿನಲ್ಲಿ ಅರ್ಧವನ್ನು ಇದಕ್ಕೆ ಕೊಡಿ. ಕೆಳಗಿನ ಶುದ್ಧೀಕರಣ ಘಟಕ ನಿಜವಾಗಿ ನಡೆಯುತ್ತಿದೆಯೇ, ಅದರ ನೀರು ಫ್ಲಶ್ಶಿಗೆ, ತೋಟಕ್ಕೆ ಹೋಗುತ್ತಿದೆಯೇ ಎಂದೂ ಕೇಳಿ.

ಮನೆಯೊಳಗೆ ಏನು ಮಾಡಿದರೂ ಕೊಳಚೆ ಶುದ್ಧೀಕರಿಸುವ ಕೆಲಸ ಸರ್ಕಾರದ್ದೇ. ಅಂಟುವಾಳಕಾಯಿ ಬಳಸಿ ಬೆಳ್ಳಂದೂರು ಕೆರೆಯನ್ನು ಸರಿ ಮಾಡಲಾಗುವುದಿಲ್ಲ. ಆದರೆ ಸರ್ಕಾರವನ್ನು ಕೇಳುವ ಬಾಯಿ ಯಾರದ್ದು? ಮೂರನೇ ಹಂತದ ಶುದ್ಧೀಕರಣ ಬೇಕೆಂದು ಇಲ್ಲಿಯವರೆಗೆ ಮುಖ್ಯವಾಗಿ ಕೇಳಿದವರು ಕೋಲಾರ, ಚಿಕ್ಕಬಳ್ಳಾಪುರದವರು. ಆ ನೀರನ್ನು ಕೊಳಕು ಮಾಡಿ ಕಳಿಸಿದ ಬೆಂಗಳೂರಿನ ಬಡಾವಣೆಗಳ ಕಡೆಯಿಂದ ಅಂಥ ಬೇಡಿಕೆ ಎದ್ದದ್ದನ್ನು ನಾನು ಕೇಳಿಲ್ಲ. ಅದಕ್ಕೆ ಖರ್ಚು ಹೆಚ್ಚು ಎಂಬುದು ನಿಜ. ಆ ಖರ್ಚಿನ ನನ್ನ ಪಾಲನ್ನು ಪ್ರತಿ ತಿಂಗಳ ನೀರಿನ ಬಿಲ್ಲಿನಲ್ಲಿ ಸೇರಿಸಿದರೆ ಕೊಡಲು ನಾನು ಸಿದ್ಧಳಿದ್ದೇನೆ. ನಮ್ಮ ಬೀದಿಯಲ್ಲೇ ಇನ್ನೂ ಕೆಲವರು ಹಾಗೆಂದಿದ್ದಾರೆ. ಮುಂದಿನ ಬಾರಿ ಜಲಮಂಡಳಿ ನೀರಿನ ದರ ಏರಿಸುವ ಮಾತೆತ್ತಿದಾಗ ನಾವು ಇದನ್ನೇ ಬರೆದು ಕೊಡುವವರಿದ್ದೇವೆ.